ನಾವು ಓಡಿದ ನಾಲ್ಕು ನಗರಗಳು

ಒಂದು ಊರನ್ನು ನೋಡುವ ಬಗೆಗಳು ಹಲವು. ರೈಲಿನ ಕಿಟಕಿಯಿಂದ ಕಂಡ ಊರು ಬೇರೆ, ಕಾರಿನಲ್ಲಿ ಕುಳಿತು ಸುತ್ತಿದ ಊರು ಬೇರೆ, ಸಂತೆಯ ಚೀಲ ಹಿಡಿದು ಓಣಿ ಓಣಿ ಅಲೆದ ಊರು ಬೇರೆ. ವರ್ಷಕ್ಕೊಂದು ದಿನ ವಾಹನಗಳನ್ನೆಲ್ಲ ತಡೆದು, ರಾಜಬೀದಿಗಳನ್ನು ಮನುಷ್ಯರ ಕಾಲುಗಳಿಗೆ ಬಿಟ್ಟುಕೊಟ್ಟಾಗ ಕಾಣುವ ಊರು ಇವೆಲ್ಲವುಗಳಿಗಿಂತ ಬೇರೆ. ಹಾಗೆ ನಾಲ್ಕು ನಗರಗಳನ್ನು ಕಾಣುವ ಯೋಗ ನಮಗೆ ಇಳಿವಯಸ್ಸಿನಲ್ಲಿ ಒದಗಿತು. ಆ ಅನುಭವವನ್ನು ಓದುಗ ಬಂಧುಗಳ ಮುಂದಿಡಬೇಕೆಂಬುದು ಈ ಬರಹದ ಉದ್ದೇಶ. ಇದರಲ್ಲಿ ನಮ್ಮದೊಂದು ತಪ್ಪಿನ ಒಪ್ಪಿಗೆಯೂ ಇದೆ. ಅದು ತನ್ನ ಸ್ಥಳದಲ್ಲಿ ಬರುತ್ತದೆ.

ನಾವು ಮಠದ ಉಚಿತ ಪ್ರಸಾದನಿಲಯದಲ್ಲಿ ಬೆಳೆದವರು. ನಸುಕಿನಲ್ಲಿ ಎದ್ದು ಬಾವಿಯ ನೀರು ಸೇದಿ, ಪಾಠ ಒಪ್ಪಿಸಿ, ಬರಿಗಾಲಿನಲ್ಲಿ ಶಾಲೆಗೆ ನಡೆದ ದಿನಗಳವು. ಮುಂದೆ ಅಧ್ಯಾಪನ ವೃತ್ತಿ ಬಂದಿತು. ಅದರೊಡನೆ ಕುರ್ಚಿ ಬಂದಿತು, ಪುಸ್ತಕದ ರಾಶಿ ಬಂದಿತು, ಹೊಟ್ಟೆಯೂ ಬಂದಿತು. 2014ರಲ್ಲಿ ರಕ್ತ ಪರೀಕ್ಷಿಸಿದ ವೈದ್ಯರು, "ಮಾಸ್ತರೇ, ಸಕ್ಕರೆ ಕಾಯಿಲೆ ನಿಮ್ಮ ಬಾಗಿಲಿಗೆ ಬಂದು ನಿಂತಿದೆ. ಒಳಗೆ ಕರೆಯುತ್ತೀರೋ, ಹೊರಗೇ ನಿಲ್ಲಿಸುತ್ತೀರೋ ನಿಮಗೆ ಬಿಟ್ಟದ್ದು" ಎಂದರು. ಮರುದಿನವೇ ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಹೋದೆವು. ಮೊದಲು ನಡಿಗೆ, ಆಮೇಲೆ ನಡಿಗೆಯ ನಡುವೆ ನಾಲ್ಕು ಹೆಜ್ಜೆ ಓಟ, ಆಮೇಲೆ ಓಟದ ನಡುವೆ ನಾಲ್ಕು ಹೆಜ್ಜೆ ನಡಿಗೆ. ವರ್ಷ ಒಂದೂವರೆ ಕಳೆಯುವಷ್ಟರಲ್ಲಿ ಕೆಲಗೇರಿ ಕೆರೆಯವರೆಗೆ ಓಡಿಹೋಗಿ ಬರುವುದು ರೂಢಿಯಾಯಿತು. ಚಡ್ಡಿ ತೊಟ್ಟು ಓಡುವ ಪಂಡಿತರನ್ನು ಕಂಡು ಓಣಿಯ ಹುಡುಗರು ಮೊದಮೊದಲು ನಕ್ಕರು. ಆಮೇಲೆ ಅವರಲ್ಲಿ ಇಬ್ಬರು ನಮ್ಮ ಬೆನ್ನು ಹತ್ತಿ ಓಡತೊಡಗಿದರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಮ್ಮಲ್ಲಿ ಮೂರು ಕಿಲೋಮೀಟರ್ ಓಟಕ್ಕೂ ಮ್ಯಾರಥಾನ್ ಎಂದೇ ಹೆಸರಿಡುವ ವಾಡಿಕೆಯಿದೆ. ನಿಜವಾದ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್; ಒಂದು ಹೆಜ್ಜೆ ಕಡಿಮೆಯಾದರೂ ಅದು ಮ್ಯಾರಥಾನ್ ಅಲ್ಲ. ಗ್ರೀಸ್ ದೇಶದ ಮ್ಯಾರಥಾನ್ ಬಯಲಿನ ಯುದ್ಧದ ಗೆಲುವನ್ನು ಓಟಗಾರನೊಬ್ಬನು ಅಥೆನ್ಸಿಗೆ ಓಡಿ ತಲುಪಿಸಿ ಪ್ರಾಣ ಬಿಟ್ಟನೆಂಬ ದಂತಕಥೆ ಇದರ ಮೂಲ. 1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲಿ ಆ ನೆನಪಿಗಾಗಿ ಸುಮಾರು 40 ಕಿಲೋಮೀಟರ್ ಓಟವನ್ನು ಏರ್ಪಡಿಸಿದರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದ ರಾಜಮಂಚದ ಮುಂಭಾಗದವರೆಗೆ ಅಳೆದಾಗ 26 ಮೈಲಿ 385 ಗಜವಾಯಿತು. 1921ರಲ್ಲಿ ಆ ಅಳತೆಯೇ ಜಗತ್ತಿಗೆಲ್ಲ ಖಾಯಂ ಆಯಿತು. ಅದೇ 1908ರ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆತ್ರಿ ಎಂಬಾತ ಎಲ್ಲರಿಗಿಂತ ಮೊದಲು ಕ್ರೀಡಾಂಗಣ ಪ್ರವೇಶಿಸಿ, ದಣಿವಿನಿಂದ ಮತ್ತೆ ಮತ್ತೆ ಬಿದ್ದನು. ಅಧಿಕಾರಿಗಳು ಕರುಣೆಯಿಂದ ಎತ್ತಿ ನಿಲ್ಲಿಸಿ ಗೆರೆ ದಾಟಿಸಿದರು. ಪರರ ಆಸರೆ ಪಡೆದನೆಂಬ ಕಾರಣಕ್ಕೆ ಅವನ ಗೆಲುವು ರದ್ದಾಯಿತು. ಈ ಓಟದ ನಿಯಮದಲ್ಲಿ ಕರುಣೆಗೆ ಸ್ಥಳವಿದೆ, ಸುಳ್ಳು ಲೆಕ್ಕಕ್ಕೆ ಸ್ಥಳವಿಲ್ಲ. ಈ ಮಾತು ಮುಂದೆ ನಮಗೇ ಅನ್ವಯಿಸಿತು.

ನಮ್ಮ ಮೊದಲ ನಗರ ಬೆಂಗಳೂರು. ಅಲ್ಲಿ 2008ರಿಂದ ನಡೆಯುತ್ತಿರುವ 10 ಕಿಲೋಮೀಟರ್ ಓಟಕ್ಕೆ 2016ರ ಮೇ ತಿಂಗಳಿನಲ್ಲಿ ಹೆಸರು ಕೊಟ್ಟೆವು. ಕಂಠೀರವ ಕ್ರೀಡಾಂಗಣದ ಬಳಿ ನಸುಕಿನಲ್ಲಿ ಸೇರಿದ ಜನಸಾಗರವನ್ನು ಕಂಡಾಗ ಜಾತ್ರೆಯ ತೇರೆಳೆಯಲು ನಿಂತವರಂತೆ ಕಂಡಿತು. ಸಾಫ್ಟ್‌ವೇರ್ ತರುಣರು, ಗೃಹಿಣಿಯರು, ಸೈನಿಕರು, ತಂದೆಯ ಕೈ ಹಿಡಿದ ಮಕ್ಕಳು! ನಲವತ್ತು ವರ್ಷಗಳಿಂದ ಬೆಂಗಳೂರಿಗೆ ಹೋಗಿ ಬರುತ್ತಿದ್ದರೂ ಹಲಸೂರು ಕೆರೆಯ ದಂಡೆಯ ಗಾಳಿ ಇಷ್ಟು ತಂಪೆಂದು ನಾವು ಅರಿತಿರಲಿಲ್ಲ. ಬಸ್ಸು, ಆಟೋಗಳ ಸದ್ದಿಲ್ಲದ ರಸ್ತೆಯಲ್ಲಿ ಕೇಳಿಸಿದ್ದು ಸಾವಿರಾರು ಬೂಟುಗಳ ಸಪ್ಪಳ ಮತ್ತು ಕಬ್ಬನ್ ಉದ್ಯಾನದ ಹಕ್ಕಿಗಳ ದನಿ. ವಿಧಾನಸೌಧದ ಎದುರು ಓಡುತ್ತಿದ್ದಾಗ, ಅದರ ಮುಂದೆ ಅರ್ಜಿ ಹಿಡಿದು ನಿಂತ ಹಳೆಯ ದಿನಗಳು ನೆನಪಾಗಿ ನಗು ಬಂದಿತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ನಗರದ ಹವೆ ಓಟಗಾರನಿಗೆ ಅನುಕೂಲ. ಏರಿಳಿತಗಳು ಮಾತ್ರ ಕಾಲಿಗೆ ಬುದ್ಧಿ ಹೇಳುತ್ತವೆ. ಒಂದು ತಾಸು 20 ನಿಮಿಷಗಳಲ್ಲಿ ಗೆರೆ ಮುಟ್ಟಿದೆವು. ಕೊರಳಿಗೆ ಪದಕ ಬಿದ್ದಾಗ ಐವತ್ತಾರರ ಮುದುಕನಿಗೆ ಹತ್ತು ವರ್ಷದ ಹುಡುಗನ ಹಿಗ್ಗು. ಆ ಹಿಗ್ಗಿನ ಹಿಂದೆಯೇ ಅಹಂಕಾರವೂ ಒಳಗೆ ಕಾಲಿಟ್ಟಿತೆಂಬುದು ಆಗ ತಿಳಿಯಲಿಲ್ಲ.

ಎರಡನೆಯದು ದೆಹಲಿ. 2017ರ ನವೆಂಬರ್ 19ರಂದು ನಡೆದ ಅರ್ಧ ಮ್ಯಾರಥಾನ್ ಅದು; 21 ಕಿಲೋಮೀಟರಿಗೆ ಕೊಂಚ ಹೆಚ್ಚು. ಆ ಚಳಿಗಾಲ ದೆಹಲಿಯನ್ನು ದಟ್ಟ ಹೊಗೆ ಮುಸುಕಿತ್ತು. ಓಟವನ್ನು ಮುಂದೂಡಬೇಕೆಂದು ವೈದ್ಯರ ಸಂಘವು ನ್ಯಾಯಾಲಯದ ಮೊರೆ ಹೋಗಿತ್ತು. ಕೊನೆಗೆ ಧೂಳಡಗಿಸಲು ದಾರಿಯುದ್ದಕ್ಕೂ ನೀರು ಸಿಂಪಡಿಸಿ ಓಟ ನಡೆಸಿದರು. ನೆಹರೂ ಕ್ರೀಡಾಂಗಣದಿಂದ ಹೊರಟು ಇಂಡಿಯಾ ಗೇಟಿನತ್ತ ಸಾಗುವ ಆ ರಸ್ತೆಗಳು ಬಲು ವಿಶಾಲವಾದವು, ಸಾಲುಮರಗಳಿಂದ ಶೋಭಿಸುವಂಥವು. ಆದರೆ ಆ ದಿನ ಬಾಯಿಗೆ ಮುಸುಕು ಕಟ್ಟಿಕೊಂಡು ಓಡಿದವರನ್ನು ಕಂಡೆವು. ಗಂಟಲಲ್ಲಿ ಸುಟ್ಟ ಹುಲ್ಲಿನ ರುಚಿ. ಉಸಿರು ಎಂಬುದು ಪುಕ್ಕಟೆ ಸಿಗುವ ವಸ್ತುವಲ್ಲವೆಂದು ನಮಗೆ ಕಲಿಸಿದ ನಗರ ಅದು. ಎರಡು ದಿನ ಓಡಿ ಹೋಗುವ ನಮ್ಮ ಪಾಡೇ ಹೀಗಾದರೆ, ವರ್ಷವಿಡೀ ಅಲ್ಲಿಯೇ ಉಸಿರಾಡುವ ಹಸುಗೂಸುಗಳ ಪಾಡೇನು ಎಂದು ಮರಳುವ ರೈಲಿನಲ್ಲಿ ಚಿಂತಿಸಿದೆವು. ಆ ಓಟವನ್ನು ಎರಡು ತಾಸು 58 ನಿಮಿಷಗಳಲ್ಲಿ ಮುಗಿಸಿದ್ದೆವು. ಅರ್ಧ ಮುಗಿಸಿದವನಿಗೆ ಪೂರ್ಣ ಯಾವ ಲೆಕ್ಕ ಎಂಬ ಭಾವನೆ ಬಂದುಬಿಟ್ಟಿತು. ಓಟದ ಗಣಿತದಲ್ಲಿ ಮಾತ್ರ ಎರಡು ಅರ್ಧಗಳು ಕೂಡಿ ಒಂದು ಪೂರ್ಣವಾಗುವುದಿಲ್ಲ.

ಅದನ್ನು ಕಲಿಸಿದ್ದು ಮುಂಬೈ. 2004ರಲ್ಲಿ ಆರಂಭವಾದ ಅಲ್ಲಿನ ಮ್ಯಾರಥಾನ್ ಜನವರಿಯಲ್ಲಿ ನಡೆಯುತ್ತದೆ. 2019ರ ಜನವರಿ 20ರ ನಸುಕಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಭವ್ಯ ಕಟ್ಟಡದ ಎದುರು ನಿಂತಿದ್ದೆವು. ಮರೀನ್ ಡ್ರೈವಿನ ದೀಪಗಳ ಸಾಲು, ಕತ್ತಲೆಯಲ್ಲಿ ಮೊರೆಯುವ ಕಡಲು, ಪೆಡ್ಡರ್ ರಸ್ತೆಯ ಏರು, ಹಾಜಿ ಅಲಿಯ ತಿರುವು. ಮುಂದೆ ಕಡಲ ಮೇಲಿನ ಬಾಂದ್ರಾ-ವರ್ಲಿ ಸೇತುವೆ. 5.6 ಕಿಲೋಮೀಟರ್ ಉದ್ದದ ಆ ಸೇತುವೆ 2009ರಲ್ಲಿ ಸಂಚಾರಕ್ಕೆ ತೆರೆದಂದಿನಿಂದ ಅದರ ಮೇಲೆ ಪಾದಚಾರಿಗಳಿಗೆ ಪ್ರವೇಶವಿಲ್ಲ. ಓಟದ ದಿನ ಮಾತ್ರ ಅದು ಕಾಲುಗಳಿಗೆ ತೆರೆದುಕೊಳ್ಳುತ್ತದೆ. ನಾವು ಅದರ ಮೇಲಿದ್ದಾಗ ದಾದರ್ ಕಡೆಯ ಗಗನಚುಂಬಿಗಳ ನಡುವಿನಿಂದ ಸೂರ್ಯ ಮೇಲೇರಿದ್ದ. ಆ ದೃಶ್ಯವನ್ನು ಇಂದಿಗೂ ಮರೆತಿಲ್ಲ.

ಮುಂಬೈಯ ಜನರನ್ನೂ ಮರೆತಿಲ್ಲ. ಮಾಹಿಮಿನಿಂದ ಪ್ರಭಾದೇವಿಯವರೆಗೆ ಮನೆಮನೆಯವರು ಬೀದಿಗಿಳಿದಿದ್ದರು. ಯಾರೂ ಹೇಳದೆ, ಯಾರೂ ಕೇಳದೆ ತಮ್ಮ ಮನೆಯ ತಟ್ಟೆಗಳಲ್ಲಿ ಕಿತ್ತಳೆಯ ತೊಳೆ, ಬಾಳೆಹಣ್ಣು, ಚಿಕ್ಕಿ, ಬಿಸ್ಕತ್ತು ಹಿಡಿದು ನಿಂತಿದ್ದರು. ಒಬ್ಬ ವೃದ್ಧೆ ಗಾಲಿಕುರ್ಚಿಯಲ್ಲಿ ಕುಳಿತು ಅಂಗೈಯಲ್ಲಿ ಉಪ್ಪು ಹಿಡಿದಿದ್ದಳು. ನಾವು ಕೈ ಮುಗಿದು ಮುಂದೆ ಸಾಗಿದೆವು, ಉಪ್ಪು ತೆಗೆದುಕೊಳ್ಳಲಿಲ್ಲ. ಅದೇ ನಮ್ಮ ಮೂರ್ಖತನ. ಮೊದಲ 20 ಕಿಲೋಮೀಟರುಗಳನ್ನು ತರುಣರೊಡನೆ ಪೈಪೋಟಿಗೆ ಬಿದ್ದವರಂತೆ ಓಡಿದ್ದೆವು. ಬೆವರಿನೊಡನೆ ಉಪ್ಪೂ ಹೋಗುತ್ತದೆ, ಬರಿಯ ನೀರು ಕುಡಿದರೆ ಸಾಲದು ಎಂಬ ವೈದ್ಯರ ಎಚ್ಚರಿಕೆಯನ್ನು ಲೆಕ್ಕಿಸಿರಲಿಲ್ಲ. 30 ಕಿಲೋಮೀಟರಿನ ಪಟ್ಟಿ ದಾಟಿದ ಮೇಲೆ ಮೀನಖಂಡಗಳು ಕಲ್ಲಾದವು. ಬಿಸಿಲು ನೆತ್ತಿಗೇರಿತು. ಹಾಜಿ ಅಲಿ ದಾಟಿ ಪೆಡ್ಡರ್ ರಸ್ತೆಯ ಏರು ಎದುರಾಗುವ ಮುನ್ನವೇ, ಸುಮಾರು 33 ಕಿಲೋಮೀಟರಿನಲ್ಲಿ, ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತವರು ಮೇಲೇಳಲಿಲ್ಲ. ವೈದ್ಯಕೀಯ ಸಹಾಯಕ್ಕಿದ್ದ ತರುಣಿಯೊಬ್ಬಳು ನಾಡಿ ನೋಡಿ, "ಬಾಬಾ, ಇವತ್ತಿಗೆ ಸಾಕು" ಎಂದಳು. ವಾಹನದಲ್ಲಿ ನಮ್ಮಂತೆಯೇ ಅರ್ಧಕ್ಕೆ ನಿಂತ ಆರೇಳು ಜನರಿದ್ದರು. ದಾರಿಯುದ್ದಕ್ಕೂ ಯಾರೂ ಯಾರೊಡನೆಯೂ ಮಾತಾಡಲಿಲ್ಲ.

ಸೋಲು ತಪ್ಪಲ್ಲ. ತಪ್ಪು ನಡೆದದ್ದು ಧಾರವಾಡದಲ್ಲಿ. ನಿಲ್ದಾಣಕ್ಕೆ ಬಂದ ಮಿತ್ರರು, "ಹ್ಯಾಂಗಾತ್ರೀ ಮುಂಬೈ?" ಎಂದು ಕೇಳಿದರು. "ಚೆನ್ನಾಗಿ ಆಯಿತು" ಎಂದೆವು. "ಮುಗಿಸಿದಿರಾ?" ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಮುಗಿಸದವರಿಗೆ ಪದಕವಿಲ್ಲ, ಆದ್ದರಿಂದ ಪದಕದ ಮಾತೆತ್ತದಂತೆ ಎಚ್ಚರ ವಹಿಸಿದೆವು. ತಿಂಗಳೊಳಗೆ ನಮ್ಮ ಬಡಾವಣೆಯ ಹಿರಿಯರ ಕೂಟದವರು ನಮ್ಮನ್ನು ಕರೆದು ಸತ್ಕರಿಸಿದರು. ಅರವತ್ತರ ಅಂಚಿನಲ್ಲಿ ಪೂರ್ಣ ಮ್ಯಾರಥಾನ್ ಓಡಿದ ಮಹನೀಯರೆಂದು ಬಣ್ಣಿಸಿ ಶಾಲು ಹೊದಿಸಿದರು. ನಾವು ತಲೆ ತಗ್ಗಿಸಿ ಕುಳಿತಿದ್ದೆವು. ಸಭಿಕರು ಅದನ್ನು ವಿನಯವೆಂದು ತಿಳಿದರು. ಬಾಯಿಂದ ಒಂದು ಸುಳ್ಳು ಮಾತೂ ಹೊರಡಲಿಲ್ಲ, ಆದರೂ ಸುಳ್ಳು ಸಂಪೂರ್ಣವಾಗಿ ನಡೆದುಹೋಯಿತು. ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ನುಡಿ-ನಡೆ ಒಂದಾಗಬೇಕೆಂದು ಬೋಧಿಸಿದ ನಾಲಿಗೆ ಆ ಸಂಜೆ ಸುಮ್ಮನಿತ್ತು. ಆ ಶಾಲನ್ನು ನಾವು ಒಮ್ಮೆಯೂ ಹೊದೆಯಲಿಲ್ಲ. ಪೆಟ್ಟಿಗೆಯ ತಳದಲ್ಲಿ ಅದು ಭಾರವಾಗಿ ಬಿದ್ದಿತ್ತು.

2020ರಲ್ಲಿ ಮಹಾಮಾರಿ ಬಂದು ಬೀದಿಯ ಓಟಗಳು ನಿಂತವು. ನಾವು ಅಂಗಳದಲ್ಲಿ, ಮಾಳಿಗೆಯ ಮೇಲೆ ನಡೆದೆವು. ಲಂಡನ್ನಿನಲ್ಲಿ ನೆಲೆಸಿರುವ ನಮ್ಮ ಮಗಳು ಅಲ್ಲಿನ ಮ್ಯಾರಥಾನಿಗೆ ನಮ್ಮ ಹೆಸರನ್ನು ಚೀಟಿಗೆ ಹಾಕಿದ್ದಳು. ಲಕ್ಷಾಂತರ ಜನ ಅರ್ಜಿ ಹಾಕುವ ಆ ಓಟದಲ್ಲಿ ಅವಕಾಶ ದೊರೆಯುವುದು ಅದೃಷ್ಟದ ಚೀಟಿಯಿಂದ. ನಮ್ಮ ಚೀಟಿ ಎದ್ದಿತು. 2023ರ ಏಪ್ರಿಲ್ ತಿಂಗಳಿನಲ್ಲಿ ಅಲ್ಲಿಗೆ ಹೋದೆವು.

ಓಟಕ್ಕೆ ಎರಡು ದಿನ ಮುಂಚೆ ಒಂಬತ್ತು ವರ್ಷದ ಮೊಮ್ಮಗಳು ಕಂಪ್ಯೂಟರಿನ ಮುಂದೆ ಕುಳಿತು, ಅಜ್ಜ ಓಡಿದ ಓಟಗಳನ್ನೆಲ್ಲ ಹುಡುಕಿ ತೆಗೆದಳು. ಓಟಗಾರನ ಎದೆಚೀಟಿಯ ಹಿಂಬದಿಗೆ ಸಣ್ಣದೊಂದು ಚಿಪ್ ಅಂಟಿಸಿರುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಹಾಸಿದ ಪಟ್ಟಿಗಳನ್ನು ತುಳಿದಾಗಲೆಲ್ಲ ಅದು ಹೊತ್ತನ್ನು ದಾಖಲಿಸುತ್ತದೆ. ಬೆಂಗಳೂರು ಸಿಕ್ಕಿತು, ದೆಹಲಿ ಸಿಕ್ಕಿತು. ಮುಂಬೈ ಬಂದಾಗ ಮಗು ಕತ್ತೆತ್ತಿ, "ಅಜ್ಜಾ, ಇಲ್ಲಿ ಮೂವತ್ತು ಕಿಲೋಮೀಟರ್ ತನಕ ಟೈಮ್ ಐತಿ. ಮುಂದ ಯಾಕ ಇಲ್ಲ?" ಎಂದಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಗಳ ಕೈ ನಿಂತಿತು. ನಮ್ಮ ಮನೆಯವರು ನಮ್ಮ ಮುಖ ನೋಡಿದರು. ಅವರಿಗೂ ನಾವು ಹೇಳಿರಲಿಲ್ಲ. ಮಗುವಿನ ಕಣ್ಣಿನಲ್ಲಿ ಆಕ್ಷೇಪವಿರಲಿಲ್ಲ, ಬರಿಯ ಪ್ರಶ್ನೆಯಿತ್ತು. "ಅಲ್ಲಿಗೆ ಅಜ್ಜನ ಕಾಲು ನಿಂತವು, ತಂಗೀ. ಅಜ್ಜ ಗಾಡಿಯಲ್ಲಿ ಕೂತು ಬಂದ" ಎಂದೆವು. ನಾಲ್ಕು ವರ್ಷ ಎದೆಯಲ್ಲಿದ್ದ ಕಲ್ಲು ಕರಗಿದಂತಾಯಿತು. ಮಗು, "ಅಷ್ಟ ಏನು? ಈ ಸಲ ಸಾವಕಾಶ ಓಡ್ರಿ" ಎಂದು ಹೇಳಿ ಆಟಕ್ಕೆ ಹೋಯಿತು. ನಮ್ಮ ಮನೆಯವರು ಮಾತ್ರ ಆ ರಾತ್ರಿ, "ನನಗಾದರೂ ಹೇಳಬಹುದಿತ್ತು" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಥೇಮ್ಸ್ ನದಿಯ ದಂಡೆಯಲ್ಲಿ, 2015ರಲ್ಲಿ ಸ್ಥಾಪನೆಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ಕುಟುಂಬ ಸಮೇತ ಹೋಗಿ ನಿಂತು ಬಂದೆವು. ಆ ಹೊತ್ತಿನಲ್ಲಿ ಮನಸ್ಸು ಏನು ಹೇಳಿಕೊಂಡಿತೆಂಬುದನ್ನು ಓದುಗರು ಊಹಿಸಬಲ್ಲರು.

ಏಪ್ರಿಲ್ 23, ಭಾನುವಾರ. ಜಿನುಗು ಮಳೆ, ಮೈ ಕೊರೆಯುವ ಚಳಿ. ಮಗಳು ನಮ್ಮ ಅಂಗಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಅಜ್ಜ' ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆಸಿದ್ದಳು. ಹೆಸರು ಬರೆದುಕೊಂಡು ಓಡುವುದು ಅಲ್ಲಿಯ ರೂಢಿ. ಗ್ರೀನಿಚ್ ಬಳಿಯ ಬ್ಲ್ಯಾಕ್‌ಹೀತ್ ಬಯಲಿನಿಂದ ಗುಂಪು ಗುಂಪಾಗಿ ಬಿಟ್ಟರು. ನಮ್ಮ ಸರದಿ ಬಂದಾಗ ಹನ್ನೊಂದು ಗಂಟೆ ದಾಟಿತ್ತು. ಈ ಓಟ ಆರಂಭವಾದದ್ದು 1981ರಲ್ಲಿ. ನ್ಯೂಯಾರ್ಕಿನ ಓಟವನ್ನು ಕಂಡು ಮರುಳಾದ ಕ್ರಿಸ್ ಬ್ರಾಷರ್ ಮತ್ತು ಜಾನ್ ಡಿಸ್ಲೀ ಎಂಬ ಗೆಳೆಯರಿಂದ. ಮೊದಲ ವರ್ಷ ಮುಂಚೂಣಿಯಲ್ಲಿದ್ದ ಅಮೆರಿಕದ ಡಿಕ್ ಬಿಯರ್ಡ್ಸ್‌ಲೀ ಮತ್ತು ನಾರ್ವೆಯ ಇಂಗೆ ಸಿಮೊನ್ಸೆನ್ ಕೈ ಕೈ ಹಿಡಿದು ಒಟ್ಟಿಗೆ ಗೆರೆ ದಾಟಿದರಂತೆ. ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗ್ ಅವರು 2000ದಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಮೊದಲ ಮ್ಯಾರಥಾನ್ ಓಡಿದ್ದೂ ಇದೇ ಬೀದಿಗಳಲ್ಲಿ. ಅವರನ್ನು ನೆನೆದರೆ ನಾವು ಬಾಲಕರು.

ಈ ಸಲ ಮೊಮ್ಮಗಳ ಮಾತನ್ನು ಪಾಲಿಸಿದೆವು. ಐದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಸೊಂಟದ ಚೀಲದಲ್ಲಿ ಉಪ್ಪು, ಸಕ್ಕರೆ. ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕಟಿ ಸಾರ್ಕ್ ಎಂಬ ಹಳೆಯ ಹಾಯಿಹಡಗು. ಇಪ್ಪತ್ತರ ಹತ್ತಿರ ಟವರ್ ಸೇತುವೆ. ಅಲ್ಲಿಯ ಜನಸ್ತೋಮದ ಕೂಗು ಕಿವಿಗೆ ಮಾತ್ರವಲ್ಲ, ಎದೆಗೂ ತಾಗುತ್ತದೆ. "ಕಮಾನ್, ಅಜ್ಜಾ!" ಎಂದು ಗೊತ್ತಿಲ್ಲದ ಬಿಳಿಯರು, ಕರಿಯರು, ಪುಟ್ಟ ಮಕ್ಕಳು, ಪೊಲೀಸರು ಕೂಗಿದರು. ಆ ಪದದ ಅರ್ಥ ಅವರಿಗೆ ಗೊತ್ತಿಲ್ಲ. ನಮಗೆ ಗೊತ್ತಿತ್ತಲ್ಲ, ಅಷ್ಟು ಸಾಕಾಯಿತು.

ಸೇತುವೆ ದಾಟಿ ಬಲಕ್ಕೆ ಹೊರಳಿದಾಗ ವಿಚಿತ್ರವೊಂದು ಎದುರಾಗುತ್ತದೆ. ರಸ್ತೆಯ ಒಂದು ಬದಿಗೆ 21 ಕಿಲೋಮೀಟರ್ ಮುಗಿಸಿದ ನಾವು; ಇನ್ನೊಂದು ಬದಿಗೆ 35 ಮುಗಿಸಿ ಎದುರಿನಿಂದ ಬರುವ ವೇಗಿಗಳು. ಮುಂಬೈಯ ನಮ್ಮ ಅಹಂಕಾರ ಇನ್ನೂ ಉಳಿದಿದ್ದರೆ ಆ ನೋಟವೇ ನಮ್ಮನ್ನು ಕುಗ್ಗಿಸುತ್ತಿತ್ತು. ಈಗ ಅವರು ಅವರ ಓಟ ಓಡುತ್ತಿದ್ದಾರೆ, ನಾವು ನಮ್ಮದನ್ನು ಎಂದು ಸಮಾಧಾನವಾಯಿತು. ಅಂದಿನ ಮಹಿಳಾ ವಿಭಾಗದ ವಿಜೇತೆ ಹಾಲೆಂಡಿನ ಸಿಫಾನ್ ಹಸನ್ ಕೂಡ ನಡುದಾರಿಯಲ್ಲಿ ಸೊಂಟ ಹಿಡಿದುಕೊಂಡು, ನಿಂತು, ಮೈ ಸಡಿಲಿಸಿಕೊಂಡು, ಹಿಂದೆ ಬಿದ್ದು, ಮತ್ತೆ ಓಡಿ ಗೆದ್ದಳೆಂದು ಸಂಜೆ ತಿಳಿಯಿತು. ಅದು ಅವಳ ಮೊದಲ ಮ್ಯಾರಥಾನ್.

ಕ್ಯಾನರಿ ವಾರ್ಫಿನ ಗಾಜಿನ ಕಟ್ಟಡಗಳ ನಡುವೆ 30ರ ಪಟ್ಟಿ ಬಂದಿತು. ಕಾಲು ನಡುಗಿದವು. 33 ಬಂದಾಗ ಹಾಜಿ ಅಲಿಯ ಕಟ್ಟೆ ಕಣ್ಣಿಗೆ ಕಟ್ಟಿತು. ಪಕ್ಕದಲ್ಲಿ ನಡೆಯುತ್ತಿದ್ದ ಮಧ್ಯವಯಸ್ಸಿನ ಹೆಂಗಸಿನ ಬೆನ್ನ ಮೇಲೆ ತರುಣನೊಬ್ಬನ ಭಾವಚಿತ್ರವಿತ್ತು. ತೀರಿಹೋದ ಮಗನ ನೆನಪಿಗಾಗಿ ರೋಗಿಗಳ ಸಹಾಯನಿಧಿ ಕೂಡಿಸಲು ಓಡುತ್ತಿದ್ದಳು. ಅಲ್ಲಿ ಓಡುವವರಲ್ಲಿ ಬಹುಮಂದಿ ಹೀಗೆ ಯಾವುದೋ ಸತ್ಕಾರ್ಯಕ್ಕೆ ಹಣ ಕೂಡಿಸುವವರೇ. ಅವಳು ಅಳುತ್ತಲೇ ನಡೆಯುತ್ತಿದ್ದಳು, ನಿಲ್ಲಲಿಲ್ಲ. ಆ ತಾಯಿಯ ಜೊತೆ ಎರಡು ಕಿಲೋಮೀಟರ್ ನಡೆದೆವು. ನಮ್ಮ ನೋವು ಬಲು ಸಣ್ಣದಾಗಿ ಕಂಡಿತು.

ಹಿಂದುಳಿದವರ ಕೂಡ ಆ ನಗರ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಹೇಳಲೇಬೇಕು. ಎಲ್ಲರಿಗಿಂತ ಕೊನೆಗೆ, ಎಂಟು ತಾಸಿನ ನಡಿಗೆಯ ವೇಗದಲ್ಲಿ ಸ್ವಯಂಸೇವಕರ ತಂಡವೊಂದು ಬರುತ್ತದೆ. ಬಸವಳಿದವರಿಗೆ ಜೊತೆಯಾಗಿ ಮಾತಾಡಿಸುತ್ತ ಕರೆತರುವುದೇ ಅವರ ಕೆಲಸ. ಮುಂದೆ ಓಡುವವನಿಗೆ ಎಲ್ಲ ನಗರಗಳೂ ಚಪ್ಪಾಳೆ ತಟ್ಟುತ್ತವೆ. ಸಂಜೆಯ ಮಳೆಯಲ್ಲಿ ಕೊನೆಯವನಿಗಾಗಿ ನೀರಿನ ಲೋಟ ಹಿಡಿದು ನಿಲ್ಲುವವರನ್ನು ಕಂಡಾಗ ಆ ನಗರದ ಅಂತಃಕರಣ ತಿಳಿಯುತ್ತದೆ. ಮುಂಬೈಯ ಗಾಲಿಕುರ್ಚಿಯ ಅಜ್ಜಿ ಹಿಡಿದ ಉಪ್ಪೂ ಅಂಥದೇ. ಅದನ್ನು ಸ್ವೀಕರಿಸುವ ವಿನಯ ಅಂದು ನಮ್ಮಲ್ಲಿರಲಿಲ್ಲ.

ಥೇಮ್ಸ್ ದಂಡೆ, ಬಿಗ್ ಬೆನ್ ಗಡಿಯಾರ, ಅರಮನೆಯ ತಿರುವು. ಸಂಜೆ ಆರೂವರೆಯ ಹೊತ್ತಿಗೆ ಮಾಲ್ ರಸ್ತೆಯ ಗೆರೆಯನ್ನು ದಾಟಿದೆವು. 7 ತಾಸು 12 ನಿಮಿಷ. ಬೇಲಿಯಾಚೆ ಕೊಡೆ ಹಿಡಿದು ನಿಂತ ಮೊಮ್ಮಗಳು ಫೋನು ನೋಡಿ, "ಅಜ್ಜಾ, ಈ ಸಲ ಕಡೀತನಕ ಐತಿ!" ಎಂದು ಕೂಗಿತು. ನಮ್ಮ ಮನೆಯವರು ಕಣ್ಣೊರೆಸಿಕೊಂಡು ಬೆಚ್ಚನೆಯ ಶಾಲು ಹೊದಿಸಿದರು. ಅದು ಪೆಟ್ಟಿಗೆಯ ತಳದ ಶಾಲಲ್ಲ.

ಊರಿಗೆ ಮರಳಿದ ಮೇಲೆ ಆ ಹಿರಿಯರ ಕೂಟಕ್ಕೆ ಹೋಗಿ, 2019ರಲ್ಲಿ ನಡೆದದ್ದನ್ನು ಎದ್ದು ನಿಂತು ಹೇಳಿ, ಶಾಲನ್ನು ಮರಳಿ ಮೇಜಿನ ಮೇಲಿಟ್ಟೆವು. ಕೆಲವರು ನಕ್ಕರು, ಕೆಲವರು ಸುಮ್ಮನಾದರು. ಅಧ್ಯಕ್ಷರು ಅದನ್ನು ಮುಂದಿನ ವರ್ಷ ಬಡಾವಣೆಯ ಬೀದಿ ಗುಡಿಸುವ ಕಾರ್ಮಿಕ ಮಹಿಳೆಗೆ ಹೊದಿಸಿದರು. ದಿನವೂ ನಸುಕಿನಲ್ಲಿ ಅವಳು ನಡೆಯುವ ದೂರವನ್ನು ಯಾವ ಚಿಪ್ಪೂ ಅಳೆದಿಲ್ಲ.

ಈ ಬರಹ ಓದಿ ಓಡಬೇಕೆನ್ನುವ ಹಿರಿಯರಿಗೆ ಎರಡು ಮಾತು. ಮೊದಲು ವೈದ್ಯರಿಂದ ಹೃದಯ, ರಕ್ತದೊತ್ತಡಗಳ ಪರೀಕ್ಷೆ ಮಾಡಿಸಿರಿ. ತಿಂಗಳುಗಟ್ಟಲೆ ನಡೆದ ಮೇಲೆಯೇ ಓಟಕ್ಕೆ ತೊಡಗಿರಿ. ದೂರವನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿರಿ. ಎದೆಯಲ್ಲಿ ನೋವು, ತಲೆ ಸುತ್ತು ಕಂಡರೆ ಅಲ್ಲಿಯೇ ನಿಲ್ಲಿರಿ, ನಿಲ್ಲುವುದು ಅವಮಾನವಲ್ಲ. ದಾರಿಯಲ್ಲಿ ಯಾರಾದರೂ ಉಪ್ಪು ಕೊಟ್ಟರೆ, ನಿಮ್ಮ ವೈದ್ಯರು ಬೇಡವೆಂದಿರದಿದ್ದರೆ, ಕೈ ಚಾಚಿ ತೆಗೆದುಕೊಳ್ಳಿರಿ. ಮನೆಗೆ ಬಂದ ಮೇಲೆ ಎಷ್ಟು ದೂರ ಓಡಿದಿರೋ ಅಷ್ಟನ್ನೇ ಹೇಳಿರಿ.